ಮೇಲಿನ ಡೆಕ್ಕು

ಪ್ರವಾಸವೆಂಬುದು ಮನೆಯ ಬಾಗಿಲಿಗೆ ಬೀಗ ಹಾಕಿದ ಮೇಲೆ ಮೊದಲಾಗುತ್ತದೆಂದು ನಾನು ಇಷ್ಟು ಕಾಲ ತಿಳಿದಿದ್ದೆ. ಈಗ ಮೂರು ತಿಂಗಳಿಂದ ಕಾರವಾರದ ನಮ್ಮ ಮನೆಯ ಜಗಲಿಯಲ್ಲಿಯೇ ಪ್ರವಾಸ ನಡೆದಿದೆ. ಹಡಗು ಮಾತ್ರ ಇನ್ನೂ ಹೊರಟಿಲ್ಲ.

ಸಂಗತಿ ಇಷ್ಟೆ. ನನ್ನ ಮಗಳೂ ಅಳಿಯಂದಿರೂ ಅಮೆರಿಕದ ಸಿಯಾಟಲ್ ನಗರದಲ್ಲಿದ್ದಾರೆ. ಆ ಊರಿನ ಬಂದರಿನಿಂದ ಬೇಸಗೆಯಲ್ಲಿ ದೊಡ್ಡ ದೊಡ್ಡ ಹಡಗುಗಳು ಅಲಾಸ್ಕದ ಕಡೆಗೆ ವಿಹಾರ ಹೊರಡುತ್ತವೆ. ಏಳು ರಾತ್ರಿ ನೀರಿನ ಮೇಲಿದ್ದು ಹೊರಟಲ್ಲಿಗೇ ಹಿಂದಿರುಗುತ್ತವೆ. "ನಿಮ್ಮ ಮದುವೆಗೆ ಐವತ್ತು ವರ್ಷ ತುಂಬುವುದಕ್ಕೆ ಮುಂಚೆ ಆಯಿಯನ್ನು ಕರೆದುಕೊಂಡು ಹೋಗಿಬನ್ನಿ ಅಪ್ಪ, ಖರ್ಚು ನಮ್ಮದು" ಎಂದು ಮಗಳು ಹೇಳಿದಳು. ಹೋದ ವರ್ಷ ನಮ್ಮಾಕೆಯ ಮೊಣಕಾಲಿಗೆ ಶಸ್ತ್ರಕ್ರಿಯೆಯಾಗಿ ಮಾತು ಅಲ್ಲಿಗೇ ನಿಂತಿತ್ತು. ಈ ವರ್ಷ ಆಕೆ ಕೋಲಿಲ್ಲದೆ ಕಡಲತೀರದವರೆಗೆ ನಡೆಯುತ್ತಾಳೆ. ನಿರಾಕರಿಸಲು ನನಗೆ ಕಾರಣ ಸಿಗಲಿಲ್ಲ.

ಎಲ್ಲಿಗೂ ಮುಟ್ಟಿಸದೆ ಹೊರಟಲ್ಲಿಗೇ ತಂದುಬಿಡುವ ಹಡಗಿಗೆ ಹಣ ಕೊಡುವುದು ನಮ್ಮ ಹಿರಿಯರಿಗೆ ಹುಚ್ಚಿನಂತೆ ಕಾಣುತ್ತಿತ್ತು. ಅವರಿಗೆ ಆಗಬೋಟೆಂದರೆ ಮುಂಬಯಿ, ಮುಂಬಯಿಯೆಂದರೆ ಸಂಬಳ. ವಿಹಾರದ ಹಡಗು ಹುಟ್ಟಿದ್ದೂ ಮೊದಲು ಒಂದು ವ್ಯಾಪಾರದ ಯುಕ್ತಿಯಾಗಿಯೇ. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವ ಜನ ಕಡಿಮೆಯಾಗಿ ಹಡಗುಗಳು ಸುಮ್ಮನೆ ಬಿದ್ದಿರುವುದನ್ನು ಕಂಡ ಆಲ್ಬರ್ಟ್ ಬಾಲಿನ್ ಎಂಬ ಜರ್ಮನ್ ವ್ಯಾಪಾರಿ 1891ರಲ್ಲಿ 'ಆಗಸ್ಟ ವಿಕ್ಟೋರಿಯ' ಎಂಬ ಹಡಗನ್ನು ಮೆಡಿಟರೇನಿಯನ್ ಸಮುದ್ರಕ್ಕೆ ವಿಹಾರ ಕಳುಹಿದ. ಅದು ಫಲಿಸಿತು. ವಿಹಾರಕ್ಕೆಂದೇ ಕಟ್ಟಿಸಿದ ಅವನ ಇನ್ನೊಂದು ಹಡಗು 1900ರಲ್ಲಿ ನೀರಿಗಿಳಿಯಿತು. ಅದರಲ್ಲಿದ್ದುದು ಒಂದೇ ವರ್ಗ, ಮೊದಲನೆಯ ವರ್ಗ. ಬಡವರನ್ನು ಹತ್ತಿಸದೆ ಇದ್ದುದರಿಂದ ಅಲ್ಲಿ ಸಮಾನತೆ ಬಹಳ ಸುಲಭವಾಯಿತು!

ಇರಲಿ. ಸಿದ್ಧತೆಯ ಮೊದಲನೆಯ ಪಾಠ ಭೂಗೋಳದ್ದಲ್ಲ, ಕಾಯಿದೆಯದು. ಸಿಯಾಟಲೂ ಅಮೆರಿಕ, ಅಲಾಸ್ಕವೂ ಅಮೆರಿಕ. ಆದರೂ ನಮಗೆ ಕೆನಡಾದ ವೀಸಾ ಬೇಕು. ಪರದೇಶದ ಧ್ವಜ ಹಾರಿಸುವ ಹಡಗು ಅಮೆರಿಕದ ಬಂದರುಗಳ ನಡುವೆಯೇ ಪ್ರಯಾಣಿಕರನ್ನು ಸಾಗಿಸಕೂಡದೆಂದು ಅಲ್ಲಿಯವರು 1886ರಲ್ಲಿ ಕಟ್ಟಳೆ ಮಾಡಿದ್ದಾರೆ. ಈ ವಿಹಾರದ ಹಡಗುಗಳಲ್ಲಿ ಹೆಚ್ಚಿನವು ಬಹಾಮ, ಪನಾಮ ಮೊದಲಾದ ದೇಶಗಳ ಧ್ವಜ ಹೊತ್ತವು. ಆದುದರಿಂದ ದಾರಿಯಲ್ಲಿ ಕೆನಡಾದ ವಿಕ್ಟೋರಿಯ ಬಂದರನ್ನು ಒಂದು ಸಂಜೆಯ ಮಟ್ಟಿಗಾದರೂ ಮುಟ್ಟಿ, ಕಟ್ಟಳೆಗೆ ಕೈಮುಗಿದು, ಹಿಂದಿರುಗುತ್ತವೆ. ಆ ಕೈಮುಗಿಯುವಿಕೆಯ ಸಲುವಾಗಿ ನಾವಿಬ್ಬರೂ ಬೆರಳಚ್ಚು ಕೊಟ್ಟು ಬಂದೆವು.

ಎರಡನೆಯ ಪಾಠ ಕೋಣೆಯದು. ಇದು ನಮ್ಮನ್ನು ಎರಡು ತಿಂಗಳು ಹಿಡಿಯಿತು. ಮಗಳು ಹಡಗಿನ ನಕ್ಷೆಗಳನ್ನು ಕಳುಹಿದಳು. ಒಂದೊಂದು ಡೆಕ್ಕಿಗೆ ಒಂದೊಂದು ನಕ್ಷೆ. ಒಂದೊಂದರಲ್ಲಿಯೂ ಜೇನುಗೂಡಿನಂತೆ ನೂರಾರು ಕೋಣೆಗಳು. ಹಡಗಿನ ಹೊಟ್ಟೆಯೊಳಗೆ ಕಿಟಕಿಯಿಲ್ಲದ ಕೋಣೆ, ಹೊರಗಿನ ಗೋಡೆಗೆ ಕಿಟಕಿಯ ಕೋಣೆ, ಅದರ ಮೇಲೆ ಬಾಲ್ಕನಿಯ ಕೋಣೆ, ಎಲ್ಲಕ್ಕೂ ಮಿಗಿಲಾಗಿ ಸೂಟು. ಸೂಟೆಂದೊಡನೆ ನಾನು ಕೋಟು ಪಾಟಲೂನಿನ ಮಾತೆಂದು ತಿಳಿದು, "ನನ್ನಲ್ಲಿ ಅಳಿಯಂದಿರು ಮದುವೆಯಲ್ಲಿ ಕೊಟ್ಟದ್ದಿದೆ" ಎಂದುಬಿಟ್ಟೆ. ಮಗಳು ನಕ್ಕದ್ದು ಸಿಯಾಟಲಿನಿಂದ ಇಲ್ಲಿಗೆ ಕೇಳಿಸಿತು.

ನಾಲ್ವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿದವನಿಗೆ ನಕ್ಷೆಯ ಚಟ ಹತ್ತುವುದು ಸಹಜ. ಹಡಗು ಅಲೆಗೆ ಸಿಕ್ಕಾಗ ಮೂತಿಯೂ ಬಾಲವೂ ಏತದಂತೆ ಏರಿಳಿಯುತ್ತವೆ, ನಡು ಅಷ್ಟಾಗಿ ಅಲುಗುವುದಿಲ್ಲ. ಆದುದರಿಂದ ವಾಂತಿಯ ಅಂಜಿಕೆಯಿದ್ದವರು ನಡುವಿನ ಕೋಣೆಯನ್ನು, ಅದರಲ್ಲಿಯೂ ಕೆಳಗಿನದನ್ನು ಹಿಡಿಯಬೇಕು. ಈಜುಕೊಳದ ಡೆಕ್ಕಿನ ಕೆಳಗೆಯೇ ಮಲಗಿದರೆ ಬೆಳಗಾಗುವ ಮೊದಲೇ ತಲೆಯ ಮೇಲೆ ಕುರ್ಚಿಗಳನ್ನು ಎಳೆದಾಡುವ ಸದ್ದು. ಕೆಲವು ಕೋಣೆಗಳಿಗೆ ಕಿಟಕಿಯೇನೋ ಉಂಟು, ಆದರೆ ಅದರ ಮುಂದೆ ಲೈಫ್‌ಬೋಟು ತೂಗುತ್ತಿರುತ್ತದೆ. ಬಾಡಿಗೆಯೂ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಸ್ನಾನದ ತೊಟ್ಟಿ ದೊಡ್ಡ ಕೋಣೆಯ ಗೌರವವೆಂದು ಹೇಳುತ್ತಾರೆ. ಹೊಸ ಮೊಣಕಾಲಿನವರು ಅದರ ಅಂಚನ್ನು ದಾಟುವುದೇ ಒಂದು ಸಾಹಸ, ಕುಳಿತು ಮೈತೊಳೆಯುವ ಪೀಠವಿದ್ದ ಷವರೇ ಮೇಲು. ಲಿಫ್ಟು ಹತ್ತಿರವಿರಬೇಕು, ಆದರೆ ಅದರ ಮಗ್ಗುಲಿಗೇ ಇರಬಾರದು. ಇಷ್ಟೆಲ್ಲ ಗುರುತು ಹಾಕಿ ನಾನು ಬಾಲ್ಕನಿಯ ಕೋಣೆಯೊಂದನ್ನು ಆರಿಸಿದೆ. ನನ್ನ ಮಟ್ಟಿಗೆ ಅದೇ ಔದಾರ್ಯದ ಮೇರೆಯಾಗಿತ್ತು.

ಮಗಳು ಒಪ್ಪಲಿಲ್ಲ. ಸೂಟೇ ಆಗಬೇಕೆಂದಳು, ಅದರ ಸೌಕರ್ಯಗಳ ಪಟ್ಟಿಯನ್ನೂ ಓದಿದಳು. ಬೇರೆ ಸಾಲಿನಲ್ಲಿ ನಿಂತು ಬೇಗ ಹತ್ತಬಹುದು. ಮಲಗುವ ಕೋಣೆಗೆ ಹೊಂದಿ ಕೂಡುವ ಕೋಣೆ. ಬಟ್ಲರನೆಂಬವನು ಪೆಟ್ಟಿಗೆ ಬಿಚ್ಚಿ ಬಟ್ಟೆಗಳನ್ನು ಜೋಡಿಸಿಡುತ್ತಾನೆ, ಕೇಳಿದ ಹೊತ್ತಿಗೆ ಚಹಾ ತರುತ್ತಾನೆ. ತಲೆದಿಂಬಿಗೂ ಒಂದು ಪಟ್ಟಿ. ಮೆತ್ತನೆಯದು ಬೇಕೋ ಬಿರುಸಿನದೋ ಹೇಳಿಕಳುಹಬಹುದು. ಸೂಟಿನವರಿಗೆಂದೇ ಬೇರೆ ಊಟದ ಮನೆ, ಬೇರೆ ಪಡಸಾಲೆ, ಎಲ್ಲಕ್ಕಿಂತ ಮೇಲೆ ಬೇರೆ ಡೆಕ್ಕು. ಅದರ ಬಾಗಿಲು ಸೂಟಿನವರ ಕಾರ್ಡಿಗೆ ಮಾತ್ರ ತೆರೆಯುತ್ತದೆ. 'ಹಡಗಿನೊಳಗೊಂದು ಹಡಗು' ಎಂದು ವ್ಯಾಪಾರಿಗಳು ಇದನ್ನು ಹೊಗಳುತ್ತಾರಂತೆ. ನಮಗೆ ಬಂದ ಲೆಕ್ಕದಲ್ಲಿ ಇದರ ಬೆಲೆ ಕಿಟಕಿಯಿಲ್ಲದ ಕೋಣೆಯ ನಾಲ್ಕೂವರೆ ಪಟ್ಟು. ಸೇವಕರ ಭಕ್ಷೀಸೂ ದಿನದಿನಕ್ಕೆ ತಲೆಯೆಣಿಕೆಯಿಂದ ಬೇರೆ.

ನನಗೆ ಸಿಟ್ಟು ಬಂತು. ಬಟ್ಲರನ ವಿಷಯವಾಗಿ ಅಲ್ಲ. ಅವನ ಮುಂದೆ ನನ್ನ ಹರಿದ ಬನಿಯನನ್ನು ಬಿಚ್ಚಿಡುವ ನಾಚಿಕೆ ಬೇರೆಯೇ ಮಾತು. ಬೇಡವೆನಿಸಿದ್ದು ಆ ಬಾಗಿಲು. ಸಾಗರದ ಮೇಲಿನ ವರ್ಗಭೇದ ಒಂದು ಕಾಲಕ್ಕೆ ಸಡಿಲಿತ್ತು. ವಿಮಾನಗಳು ಬಂದು ದೇಶಾಂತರದ ಪ್ರಯಾಣಿಕರನ್ನು ಒಯ್ದ ಮೇಲೆ ಉಳಿದ ವಿಹಾರದ ಹಡಗುಗಳಲ್ಲಿ ಕೋಣೆ ಹಿರಿದಿರಲಿ ಕಿರಿದಿರಲಿ ಊಟದ ಮನೆ, ನಾಟಕಶಾಲೆ, ಡೆಕ್ಕುಗಳು ಬಹುಮಟ್ಟಿಗೆ ಎಲ್ಲರವೂ ಆಗಿದ್ದುವು. ಈಗ ಅದೇ ಭೇದ ಸೌಕರ್ಯವೆಂಬ ಹೆಸರಿನಿಂದ ಹಿಂದಿರುಗಿದೆ. ಇಂಗ್ಲೆಂಡಿನ ಹಳೆಯ ಸಂಪ್ರದಾಯದ 'ಕ್ವೀನ್ ಮೇರಿ 2' ಹಡಗಿನಲ್ಲಂತೂ ಯಾವ ಕೋಣೆಯವರು ಯಾವ ಭೋಜನಶಾಲೆಯಲ್ಲಿ ಕೂಡಬೇಕೆಂಬುದು ಟಿಕೀಟಿನೊಂದಿಗೇ ಗೊತ್ತಾಗಿರುತ್ತದೆ. 1912ರಲ್ಲಿ ಮುಳುಗಿದ ಟೈಟಾನಿಕ್ಕಿನಲ್ಲಿ ಎರಡು ಸೂಟುಗಳಿಗೆ ಪ್ರತ್ಯೇಕ ವಿಹಾರದ ಮೊಗಸಾಲೆಯಿತ್ತು. ಇಂದಿನ ಖಾಸಗಿ ಡೆಕ್ಕು ಅದರ ಮೊಮ್ಮಗನೇ ಸರಿ. (ಆ ದುರಂತದ ಫಲವಾಗಿ 1914ರಲ್ಲಿ ರಾಷ್ಟ್ರಗಳು ಕೂಡಿ ಒಪ್ಪಂದ ಮಾಡಿಕೊಂಡುದರಿಂದ, ಲೈಫ್‌ಬೋಟಿನಲ್ಲಾದರೂ ಹತ್ತಿದ ಎಲ್ಲರಿಗೂ ಜಾಗವಿರಬೇಕೆಂಬುದು ನಿಯಮವಾಯಿತು.)

ನನ್ನ ವಾದಕ್ಕೆ ಬಲವಾದ ಇನ್ನೊಂದು ಆಧಾರವೂ ದೊರೆಯಿತು. ಈ ಯಾತ್ರೆಯ ದೇವರು ಗ್ಲೇಷಿಯರ್ ಬೇ ಎಂಬ ಹಿಮದ ಕೊಲ್ಲಿ. ದಿನಕ್ಕೆ ಎರಡಕ್ಕಿಂತ ಹೆಚ್ಚು ವಿಹಾರದ ಹಡಗುಗಳನ್ನು ಅಲ್ಲಿ ಒಳಗೆ ಬಿಡುವುದಿಲ್ಲ. 1794ರಲ್ಲಿ ವ್ಯಾಂಕೂವರನ ನಾವಿಕರು ಬಂದಾಗ ಅದು ಕೊಲ್ಲಿಯೇ ಆಗಿರಲಿಲ್ಲ, ಬಾಯಿಯ ಹತ್ತಿರವೇ ಹಿಮದ ಗೋಡೆ ನಿಂತಿತ್ತು. 1879ರಲ್ಲಿ ಜಾನ್ ಮ್ಯೂರ್ ಹೋಗಿ ನೋಡುವಷ್ಟರಲ್ಲಿ ಆ ಗೋಡೆ ನಾಲ್ವತ್ತು ಮೈಲಿಗೂ ಹೆಚ್ಚು ಹಿಂದೆ ಸರಿದಿತ್ತು. ಈಗ ಹಡಗು ಅಷ್ಟು ದೂರವನ್ನೂ ದಾಟಿ ಮಾರ್ಜರಿ ಎಂಬ ಹಿಮನದಿಯ ಮುಂದೆ ನಿಲ್ಲುತ್ತದೆ. ನಿಂತು ಮೆಲ್ಲಗೆ ತಿರುಗುತ್ತದೆ, ಎಡಬದಿಯವರಿಗೂ ಬಲಬದಿಯವರಿಗೂ ಸಮನಾಗಿ ಕಾಣಲೆಂದು. ನಾನು ಇದನ್ನು ಓದಿ ಹೇಳಿ, "ನೋಡು, ಹಿಮಕ್ಕೆ ಸೂಟಿನವರು, ಕಿಟಕಿಯಿಲ್ಲದವರು ಎಂಬ ಭೇದವಿಲ್ಲ. ಎಲ್ಲಿಂದ ನೋಡಿದರೂ ಅದೇ ಹಿಮ, ಅದೇ ಸಮುದ್ರ. ಏಳು ರಾತ್ರಿಗಾಗಿ ಯಾಕಿಷ್ಟು ದಂಡ?" ಎಂದೆ.

ನಮ್ಮಾಕೆ ಇದುವರೆಗೆ ಬಾಯಿ ಹಾಕಿರಲಿಲ್ಲ. ತೆಂಗಿನಕಾಯಿ ತುರಿಯುತ್ತಿದ್ದವಳು ಕೈ ನಿಲ್ಲಿಸಿ, "ಆಗಲೂ ನೀವು ಇದೇ ಮಾತು ಹೇಳಿದ್ದಿರಿ" ಎಂದಳು.

ಯಾವಾಗಲೆಂದು ನಾನು ಕೇಳಬೇಕಾಗಿರಲಿಲ್ಲ.

1978ರ ಚಳಿಗಾಲ. ನಮ್ಮ ಮದುವೆಯಾಗಿ ಇಪ್ಪತ್ತು ದಿನ. ಮುಂಬಯಿಯಲ್ಲಿ ಅವಳ ಸೋದರಮಾವನ ಮನೆಗೆ ಔತಣಕ್ಕೆ ಹೊರಟಿದ್ದೆವು. ಆಗ ಕಾಳಿ ನದಿಗೆ ಸೇತುವೆಯಿರಲಿಲ್ಲ; ಹೊಳೆಯನ್ನು ನೀರಿನ ಮೇಲೆಯೇ ದಾಟಿ ಸದಾಶಿವಗಡ ಸೇರಿ, ಅಲ್ಲಿಂದ ಬಸ್ಸಿನಲ್ಲಿ ಪಣಜಿ ಮುಟ್ಟಿದೆವು. ಪಣಜಿಯಿಂದ ಮುಂಬಯಿಗೆ ಆಗಬೋಟು. ಕೆಳಡೆಕ್ಕು, ಮೇಲ್ಡೆಕ್ಕು, ಕ್ಯಾಬಿನ್ನು ಎಂದು ಮೂರು ತರದ ಟಿಕೀಟು. ನಾನು ಕೆಳಡೆಕ್ಕಿನವನ್ನೇ ಕೊಂಡೆ. ಹಣವಿರಲಿಲ್ಲವೆಂದಲ್ಲ. ಮಾವನವರು ದಾರಿಯ ಖರ್ಚಿಗೆಂದು ಕೊಟ್ಟ ನೋಟುಗಳು ಅಂಗಿಯ ಒಳಕಿಸೆಯಲ್ಲಿದ್ದುವು. ಒಂದು ರಾತ್ರಿಗಾಗಿ ಯಾಕೆ ದಂಡವೆಂದು ಆಗಲೂ ಎಂದಿದ್ದೆ.

ಕೆಳಗೆ ಹಾಸಿಗೆ ಬಿಚ್ಚಿ ಮಲಗಿದೆವು. ಯಂತ್ರದ ಕಾವು, ಮೀನುಬುಟ್ಟಿಗಳ ವಾಸನೆ, ಮಗ್ಗುಲಲ್ಲಿ ಯಾರದೋ ಕೂಸಿನ ಅಳು. ನಡುರಾತ್ರಿಯಲ್ಲಿ ಅವಳು ನನ್ನನ್ನು ಎಬ್ಬಿಸಿ, "ಬೆಳದಿಂಗಳಿದೆಯಂತೆ, ಮೇಲೆ ಹೋಗಿ ನೋಡಿ ಬರೋಣ" ಎಂದಳು. ಏಣಿಮೆಟ್ಟಿಲು ಹತ್ತಿದೆವು. ಅವಳು ಮುಂದೆ, ನಾನು ಹಿಂದೆ. ಅವಳ ಒಂದು ಕಾಲು ಮೇಲಿನ ಡೆಕ್ಕಿನ ಹಲಗೆಯ ಮೇಲಿತ್ತು. ಅಲ್ಲಿ ನಿಂತಿದ್ದ ಮನುಷ್ಯನೊಬ್ಬ ಟಿಕೀಟು ಕೇಳಿ ನೋಡಿ, ಕೈಯಿಂದ ಕೆಳಗೆ ತೋರಿಸಿದ. ಬಿರುನುಡಿಯನ್ನೇನೂ ಆಡಲಿಲ್ಲ, ಅದು ಅವನ ಕೆಲಸ. ವ್ಯತ್ಯಾಸದ ಹಣ ಕೊಡುತ್ತೇನೆಂದು ನಾನು ಹೇಳಬಹುದಾಗಿತ್ತು. ಹೇಳಲಿಲ್ಲ. ಬದಲಾಗಿ, ಕೆಳಗೆ ಬಂದ ಮೇಲೆ, ಎಲ್ಲಿಂದ ನೋಡಿದರೂ ಅದೇ ಸಮುದ್ರವೆಂದು ಸಮಾಧಾನ ಹೇಳಿದೆ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಕೆಳಗಿನಿಂದ ಸಮುದ್ರ ಕಾಣುತ್ತಲೇ ಇರಲಿಲ್ಲ.

ಇಷ್ಟು ವರ್ಷಗಳಲ್ಲಿ ಅವಳು ಇದನ್ನು ಒಮ್ಮೆಯೂ ಎತ್ತಿ ಆಡಿದವಳಲ್ಲ. ಮರೆತಿದ್ದಾಳೆಂದೇ ನಾನು ನೆಮ್ಮದಿಯಾಗಿದ್ದೆ. ಮಕ್ಕಳ ಮುಂದೆ ಆ ಪ್ರಯಾಣವನ್ನು ಬಣ್ಣಿಸುವಾಗ ಮೀನುಬುಟ್ಟಿಯನ್ನೂ ಅಳುವ ಕೂಸನ್ನೂ ಹೇಳಿ ನಗಿಸುತ್ತಿದ್ದೆ, ಏಣಿಮೆಟ್ಟಿಲನ್ನು ಬಿಡುತ್ತಿದ್ದೆ. ಅವಳೂ ಅದನ್ನು ಸೇರಿಸುತ್ತಿರಲಿಲ್ಲ.

"ಹಾಗಾದರೆ ನಿನಗೆ ಸೂಟು ಬೇಕೆ?" ಎಂದೆ.

"ಸೂಟಲ್ಲ. ಆ ಮೇಲಿನ ಡೆಕ್ಕಿನಲ್ಲಿ ಏನಿದೆ ಎಂದು ನೋಡಬೇಕು."

"ಬೇರೆಯವರನ್ನು ಬಾಗಿಲಲ್ಲೇ ತಡೆದು ನಿಲ್ಲಿಸುತ್ತಾರೆ. ಅದು ನಿನಗೆ ಸರಿಯೆ?"

"ಸರಿಯಲ್ಲ" ಎಂದಳು. "ಆದರೂ ನೋಡಬೇಕು."

ಈ ಉತ್ತರದಲ್ಲಿ ತರ್ಕದ ದೋಷವಿದೆಯೆಂದು ನಾನು ಅರಿಯದವನಲ್ಲ. ಆದರೆ ಯಾರ ಸಮತೆಯ ಸಲುವಾಗಿ ನಾನು ವಾದಿಸುತ್ತಿದ್ದೆನೋ, ಆ ಬಾಗಿಲಿನಿಂದ ಹಿಂದಿರುಗಿದ ಒಬ್ಬಳೇ ಒಬ್ಬಳು ನನ್ನೆದುರಿಗೆ ಕುಳಿತು ಕಾಯಿ ತುರಿಯುತ್ತಿದ್ದಳು; ಹಿಂದಿರುಗುವ ಖರ್ಚನ್ನು ಉಳಿಸಿಕೊಂಡವನು ನಾನು. ಅಂದಿನ ಮೇಲೆ ಮಾತನಾಡುವ ಅಧಿಕಾರ ನನ್ನದಾಗಿ ಉಳಿಯಲಿಲ್ಲ.

ಮುಂದಿನ ಕೆಲಸ ಬೇಗ ಮುಗಿಯಿತು. ನಡುಭಾಗದಲ್ಲಿ, ಲಿಫ್ಟಿನಿಂದ ಆರು ಕೋಣೆಯ ದೂರದಲ್ಲಿ, ತೊಟ್ಟಿಯ ಬದಲು ಪೀಠವಿದ್ದ ಷವರಿನ ಚಿಕ್ಕ ಸೂಟೊಂದು ದೊರೆಯಿತು. ಕೂಡುವ ಕೋಣೆ ಅದರಲ್ಲಿ ಹೆಸರಿಗೆ ಮಾತ್ರ. ಜೂನ್ ತಿಂಗಳ ಎರಡನೆಯ ವಾರ ಗೊತ್ತಾಯಿತು. ನಮ್ಮಲ್ಲಿ ಆಗ ಮಳೆ ಹಿಡಿದಿರುತ್ತದೆ. ದಾರಿಯಲ್ಲಿರುವ ಕೆಚಿಕನ್ ಎಂಬ ಊರು ಅಲ್ಲಿಯ ಆಗುಂಬೆಯಂತೆ, ಮಳೆಯ ಪ್ರಮಾಣ ಮಾತ್ರ ನಮ್ಮದರ ಅರ್ಧದಷ್ಟು. ಆದುದರಿಂದ ಕೊಡೆಗಳನ್ನು ಇಲ್ಲಿಂದಲೇ ಒಯ್ಯುತ್ತೇವೆ. ಅಧಿಕವಾದ ಹಣದಲ್ಲಿ ಒಂದು ಪಾಲನ್ನು, 1978ರಲ್ಲಿ ಕಿಸೆಯಲ್ಲುಳಿದಿದ್ದುದಕ್ಕೆ ಬಡ್ಡಿ ಸೇರಿಸಿ, ನಾನು ಕೊಡುತ್ತೇನೆಂದು ಮಗಳಿಗೆ ಹೇಳಿದೆ. ಏಕೆಂದು ಅವಳು ಕೇಳಿದಳು. ಆಮೇಲೆ ಹೇಳುತ್ತೇನೆಂದೆ.

ಕಾಗದಪತ್ರವೆಲ್ಲ ಮುಗಿದ ದಿನ ಮಗಳು ತಲೆದಿಂಬಿನ ಪಟ್ಟಿ ತುಂಬಿಸಲು ಫೋನು ಮಾಡಿದಳು. ನಮ್ಮಾಕೆ ತನಗೆ ದಿಂಬು ಯಾವುದಾದರೂ ಆದೀತೆಂದು ಹೇಳಿ, ಸ್ವಲ್ಪ ತಡೆದು ಕೇಳಿದಳು:

"ಆ ಮೇಲಿನ ಡೆಕ್ಕಿನ ಬಾಗಿಲಿದೆಯಲ್ಲ, ಅದನ್ನು ಒಳಗಿನಿಂದ ತೆರೆಯಲೂ ಕಾರ್ಡು ಬೇಕೇನೆ?"

"ಇಲ್ಲ ಆಯಿ, ಒಳಗಿದ್ದವರು ಸುಮ್ಮನೆ ತಳ್ಳಿದರೆ ಸಾಕು. ಯಾಕೆ?"

"ಯಾಕೂ ಇಲ್ಲ" ಎಂದು ನಮ್ಮಾಕೆ ಫೋನನ್ನು ನನ್ನ ಕೈಗೆ ಕೊಟ್ಟು, ಒಲೆಯ ಮೇಲಿಟ್ಟ ಹಾಲನ್ನು ನೋಡಲು ಒಳಗೆ ಹೋದಳು.