ಹಿರಿಯರ ಅರಿವು ಎಂಬ ಅಮಾನತ್ತು

ಅಲ್ಲಾಹನು ಜ್ಞಾನವನ್ನು ಜನರ ಹೃದಯಗಳಿಂದ ಒಮ್ಮೆಲೇ ಕಿತ್ತುಕೊಳ್ಳುವುದಿಲ್ಲ, ಜ್ಞಾನಿಗಳ ಮರಣದ ಮೂಲಕ ಅದು ಭೂಮಿಯಿಂದ ಇಲ್ಲವಾಗುತ್ತಾ ಹೋಗುತ್ತದೆ ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಸಾಮಾನ್ಯವಾಗಿ ವಿದ್ವಾಂಸರೊಬ್ಬರು ನಿಧನರಾದಾಗ ನಾವು ಈ ಹದೀಸನ್ನು ಸ್ಮರಿಸುತ್ತೇವೆ. ಅದು ದೀನೀ ಜ್ಞಾನದ ಕುರಿತಾದುದೇ ಹೌದು. ಆದರೂ ಆಸ್ಟ್ರೇಲಿಯಾದ ಮೂಲನಿವಾಸಿ ಹಿರಿಯರೊಬ್ಬರ ಬದುಕಿನ ಬಗ್ಗೆ ಓದುತ್ತಿದ್ದಾಗ ಅದೇ ಎಚ್ಚರಿಕೆಯು ನಮ್ಮ ಮನಸ್ಸನ್ನು ತಟ್ಟಿತು.

ಅವರ ಹೆಸರು ಬಿಲ್ ನೀಜಿ. ಆಸ್ಟ್ರೇಲಿಯಾದ ಉತ್ತರ ಭಾಗದಲ್ಲಿರುವ ಕಾಕಡು ಪ್ರದೇಶದ ಬುನಿಜ್ ಕುಲದವರು. ಕಾಕಡು ಎಂಬ ಹೆಸರು ಬಂದಿರುವುದು ಅವರ ಮಾತೃಭಾಷೆಯಾದ ಗಾಗುಜು ಎಂಬುದರಿಂದಲೇ. ಅಲ್ಲಿನ ಅನೇಕ ಸಮುದಾಯಗಳಲ್ಲಿ ಮೃತರ ಹೆಸರನ್ನು ಕೆಲಕಾಲ ಉಚ್ಚರಿಸದಿರುವ ಸಂಪ್ರದಾಯವಿದೆ. ಅವರು ಅಗಲಿ ಎರಡು ದಶಕಗಳೇ ಕಳೆದಿವೆ, ಅವರ ಗ್ರಂಥಗಳ ಮೇಲೂ ಆ ಹೆಸರು ಉಳಿದಿದೆ. ಆದ್ದರಿಂದ ಗೌರವದೊಂದಿಗೆ ಇಲ್ಲಿ ಹೆಸರಿಸುತ್ತಿದ್ದೇವೆ.

ಮೂಲನಿವಾಸಿಗಳು 'ನಾಡು' ಎಂದಾಗ ಅದು ಕೇವಲ ಭೂಮಿಯ ಒಂದು ತುಂಡಲ್ಲ. ನೀರು, ಬಂಡೆ, ಮರ, ಪ್ರಾಣಿ, ಪೂರ್ವಜರು ಮತ್ತು ಬದುಕಿನ ಕಟ್ಟಳೆಗಳೆಲ್ಲವೂ ಅದರಲ್ಲಿ ಸೇರಿವೆ. ಅವರ ದೃಷ್ಟಿಯಲ್ಲಿ ನಾಡು ಮನುಷ್ಯನ ಸೊತ್ತಲ್ಲ, ಮನುಷ್ಯನೇ ನಾಡಿಗೆ ಸೇರಿದವನು. ಕಾಕಡುವಿನ ಜನರು ವರ್ಷವನ್ನು ಆರು ಋತುಗಳಾಗಿ ಗುರುತಿಸುತ್ತಾರೆ. ಮಳೆಗಾಲ ಮುಗಿದು ತಂಪು ಕಾಲಿಡುವ 'ಯೆಗ್ಗೆ' ಋತುವಿನಲ್ಲಿ ಒಣಗಾಳಿ ಬೀಸತೊಡಗಿ, ಒಂದು ಜಾತಿಯ ನೀಲಗಿರಿ ಮರ ಹೂ ಬಿಟ್ಟಾಗ, ಕಾಡಿನ ಹುಲ್ಲಿಗೆ ಅಲ್ಲಲ್ಲಿ ತುಂಡು ತುಂಡಾಗಿ ಬೆಂಕಿ ಹಚ್ಚುವ ಸಮಯ ಬಂದಿತೆಂದು ಅರಿಯುತ್ತಾರೆ. ನೆಲದಲ್ಲಿ ಇನ್ನೂ ತೇವವಿರುವುದರಿಂದ ಆ ಬೆಂಕಿಯು ಮೆಲ್ಲನೆ ಹರಿದು ತಾನಾಗಿಯೇ ಆರುತ್ತದೆ. ಸುಟ್ಟಲ್ಲಿ ಹೊಸ ಚಿಗುರು ಬಂದು ಪ್ರಾಣಿಗಳಿಗೆ ಮೇವಾಗುತ್ತದೆ. ಒಣಹುಲ್ಲು ಕಡಿಮೆಯಾಗುವುದರಿಂದ ಬೇಸಗೆಯ ಕೊನೆಯಲ್ಲಿ ಏಳುವ ಭೀಕರ ಕಾಡ್ಗಿಚ್ಚಿಗೆ ಹಾದಿ ತಪ್ಪುತ್ತದೆ. ಕೆಲವು ವಾರ ತಡವಾದರೆ, ಕಾಯಬೇಕಾದ ಬೆಂಕಿಯೇ ಕೊಲ್ಲುವ ಬೆಂಕಿಯಾದೀತು. ಈ ವಿವೇಚನೆಯು ಹಿರಿಯರ ಜೊತೆ ನಡೆದು, ನೋಡಿ, ಕೇಳಿ ಕಲಿಯುವಂಥದ್ದು.

ಬಿಲ್ ನೀಜಿಯವರು ಬಾಲ್ಯದಲ್ಲಿ ಹಾಗೆಯೇ ಕಲಿತರು. ಬಳಿಕ ಮರದ ಮಿಲ್ಲುಗಳಲ್ಲೂ ಕರಾವಳಿಯ ಸರಕು ನೌಕೆಯಲ್ಲೂ ದುಡಿಯುತ್ತಾ ದೀರ್ಘಕಾಲ ಕಳೆದು, ಕೊನೆಗೆ ತಮ್ಮ ನಾಡಿಗೆ ಮರಳಿದರು. ಮೂಲನಿವಾಸಿಗಳ ಭೂಹಕ್ಕನ್ನು ಮಾನ್ಯ ಮಾಡುವ ಕಾನೂನು ಆ ಪ್ರಾಂತ್ಯಕ್ಕೆ ಬಂದದ್ದು 1976ರಲ್ಲಿ. ಅನಂತರ ಅಲ್ಲಿನ ಜನರು ತಮ್ಮ ಭೂಮಿಯನ್ನು ರಾಷ್ಟ್ರೀಯ ಉದ್ಯಾನಕ್ಕಾಗಿ ಗುತ್ತಿಗೆಗೆ ನೀಡಲು ಒಪ್ಪಿದರು. ಆ ನಿರ್ಧಾರದ ಹಿಂದಿದ್ದ ಪ್ರಮುಖರಲ್ಲಿ ಇವರೂ ಒಬ್ಬರು. 1979ರಲ್ಲಿ ಘೋಷಣೆಯಾದ ಕಾಕಡು ಉದ್ಯಾನವು ಇಂದು ಸುಮಾರು 20,000 ಚದರ ಕಿಲೋಮೀಟರ್ ವಿಸ್ತಾರವಾಗಿದೆ.

ಆದರೆ ನಮ್ಮನ್ನು ಹೆಚ್ಚು ಕಾಡಿದ್ದು ಅವರ ಇನ್ನೊಂದು ನಿರ್ಧಾರ. ಅವರ ಪರಂಪರೆಯಲ್ಲಿ ಇಂತಹ ಅರಿವನ್ನು ಎಲ್ಲರಿಗೂ ಹೇಳುವಂತಿಲ್ಲ. ಅರ್ಹರಾದ ಸ್ವಂತ ಕುಲದವರಿಗೆ ಮಾತ್ರ ಹಂತ ಹಂತವಾಗಿ ದಾಟಿಸಬೇಕು. ಆದರೆ ದಾಟಿಸಲು ಜನರೇ ಇಲ್ಲವಾಗುತ್ತಿರುವುದನ್ನು ಆ ವೃದ್ಧರು ಕಂಡರು. ಮೌನವನ್ನು ಕಾಯ್ದುಕೊಂಡರೆ ಅರಿವು ತಮ್ಮೊಂದಿಗೆ ಮಣ್ಣಾಗುತ್ತದೆ, ಮಾತನಾಡಿದರೆ ಸಂಪ್ರದಾಯ ಮೀರಿದಂತಾಗುತ್ತದೆ. ಅವರು ಮಾತನಾಡಲು ತೀರ್ಮಾನಿಸಿದರು. ಹೊರಗಿನವರೂ ಓದಲೆಂದು ತಮ್ಮ ಮಾತುಗಳನ್ನು ದಾಖಲಿಸಲು ಅನುಮತಿಸಿದರು. 1985 ಮತ್ತು 1989ರಲ್ಲಿ ಅವು ಗ್ರಂಥಗಳಾದವು. 2002ರ ಮೇ ತಿಂಗಳಲ್ಲಿ ಅವರು ನಿಧನರಾದಾಗ ಗಾಗುಜು ಭಾಷೆಯನ್ನಾಡುವ ಕೊನೆಯ ನಾಲಗೆಯೂ ಮೌನವಾಯಿತು. ಅರಿವಿನ ಒಂದಂಶವಾದರೂ ಉಳಿಯಿತು.

ಇಲ್ಲಿ ಉಮರ್ ಬಿನ್ ಅಬ್ದುಲ್ ಅಝೀಝ್(ರ) ನೆನಪಾಗುತ್ತಾರೆ. ವಿದ್ವಾಂಸರು ಒಬ್ಬೊಬ್ಬರಾಗಿ ಅಗಲುವುದರೊಂದಿಗೆ ಜ್ಞಾನವೂ ಅಳಿದೀತೆಂದು ಭಯಪಟ್ಟು, ಹದೀಸ್‌ಗಳನ್ನು ಬರೆದಿಡುವಂತೆ ಅವರು ಅಬೂಬಕ್ರ್ ಬಿನ್ ಹಝ್ಮ್(ರ)ರಿಗೆ ಪತ್ರ ಬರೆದಿದ್ದರು. ಎರಡೂ ಜ್ಞಾನಗಳು ಒಂದೇ ಎಂದು ನಾವು ಹೇಳುತ್ತಿಲ್ಲ. ಆದರೆ ಕೈಯಲ್ಲಿರುವ ಅಮಾನತ್ತು ತನ್ನೊಂದಿಗೆ ಕೊನೆಯಾಗಬಾರದೆಂಬ ಆ ತಳಮಳದ ಬೆಲೆಯನ್ನು ನಾವು ಬಲ್ಲೆವು.

ಸೃಷ್ಟಿಯ ಬಗ್ಗೆ ಆ ಹಿರಿಯರ ನಂಬಿಕೆಗಳು ನಮ್ಮ ತೌಹೀದ್‌ಗೆ ಹೊಂದುವುದಿಲ್ಲವಲ್ಲ, ಹಾಗಿರುವಾಗ ಅವರನ್ನು ಗೌರವಿಸುವುದು ಹೇಗೆ ಎಂದು ಕೆಲವರು ಕೇಳಬಹುದು. ವಿಶ್ವಾಸದ ವ್ಯತ್ಯಾಸವನ್ನು ಮರೆಮಾಚುವ ಅಗತ್ಯವಿಲ್ಲ. ಮಾನವರನ್ನು ಜನಾಂಗಗಳಾಗಿ, ಗೋತ್ರಗಳಾಗಿ ಮಾಡಿರುವುದು ಪರಸ್ಪರ ಅರಿಯಲಿಕ್ಕಾಗಿ ಎಂದು ಸೂರಃ ಅಲ್ ಹುಜುರಾತ್ ಕಲಿಸುತ್ತದೆ. ಭೂಮಿಯಲ್ಲಿ ಮನುಷ್ಯನು ಖಲೀಫನೇ ಹೊರತು ಒಡೆಯನಲ್ಲ ಎಂಬುದು ನಮ್ಮ ವಿಶ್ವಾಸ. ಆ ಹೊಣೆಯನ್ನು ಬಾಯಲ್ಲಿ ಹೇಳುವ ನಾವು ಎಷ್ಟು ಮರಗಳ ಹೂ ಬಿಡುವ ಕಾಲವನ್ನು ಬಲ್ಲೆವು?

ಆ ಉತ್ತರ ತೀರಕ್ಕೂ ಮುಸ್ಲಿಮರಿಗೂ ಹಳೆಯ ನಂಟೊಂದಿದೆ. ಸುಲವೇಸಿ ದ್ವೀಪದ ಮಕಾಸ್ಸರ್‌ನಿಂದ ನಾವಿಕರು ಸಮುದ್ರಸೌತೆ ಎಂಬ ಜೀವಿಯನ್ನು ಸಂಗ್ರಹಿಸಲು ಪ್ರತಿವರ್ಷ ಮಾರುತದೊಂದಿಗೆ ಬಂದು, ಗಾಳಿ ತಿರುಗಿದಾಗ ಮರಳುತ್ತಿದ್ದರು. ಅವರಲ್ಲಿ ಹೆಚ್ಚಿನವರು ಮುಸ್ಲಿಮರು. ಕಲಹಗಳೂ ನಡೆದದ್ದುಂಟು, ಆದರೆ ಆ ನೆಲವನ್ನು ಅವರು ತಮ್ಮದೆಂದು ವಶಪಡಿಸಿಕೊಳ್ಳಲಿಲ್ಲ. 1907ರವರೆಗೆ ನಡೆದ ಈ ವ್ಯಾಪಾರದ ಕುರುಹಾಗಿ ಅವರ ಬಿಡಾರಗಳಿದ್ದ ಕಡೆ ಹುಣಸೆ ಮರಗಳು ಇಂದಿಗೂ ನಿಂತಿವೆ.

ನಮ್ಮ ಮನೆಯ ಬಾವಿಯ ಒರತೆ ಯಾವ ಮಗ್ಗುಲಲ್ಲಿದೆ ಎಂಬುದು ನಮ್ಮ ತಾತನಿಗೆ ತಿಳಿದಿತ್ತು. ಇರುವೆಗಳು ಮೊಟ್ಟೆ ಹೊತ್ತು ಸಾಗುವುದನ್ನು ನೋಡಿ ಮಳೆ ಎಷ್ಟು ದೂರವಿದೆ ಎಂದು ಅಂದಾಜಿಸುತ್ತಿದ್ದರು. ನಾವು ನಕ್ಕೆವೇ ಹೊರತು ಕೇಳಿ ಕಲಿಯಲಿಲ್ಲ. ಅವರ ಜನಾಝ ಕಳೆದ ಕೆಲವು ವರ್ಷಗಳ ಬಳಿಕ ಹೂಳೆತ್ತಲು ಬಾವಿಗಿಳಿದಾಗ, ಎಲ್ಲಿ ಅಗೆಯಬೇಕೆಂದು ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಬಿಲ್ ನೀಜಿಯವರು ಕೇಳುವವರಿಲ್ಲದಿದ್ದರೂ ಹೇಳುವ ದಾರಿಯನ್ನು ಹುಡುಕಿಕೊಂಡರು. ನಮ್ಮ ತಾತ ಜಗಲಿಯಲ್ಲೇ ಕುಳಿತಿದ್ದರು, ಕೇಳದವರು ನಾವು.

ಹಿರಿಯರನ್ನು ಗೌರವಿಸದವನು ನಮ್ಮವನಲ್ಲ ಎಂಬರ್ಥದ ಪ್ರವಾದಿ(ಸ) ವಚನವನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಎದ್ದು ನಿಲ್ಲುವುದು, ಸಲಾಮ್ ಹೇಳುವುದು ಆ ಗೌರವದ ಆರಂಭ ಮಾತ್ರ. ಹತ್ತಿರ ಕುಳಿತು ಕೇಳುವುದು, ಕೇಳಿದ್ದನ್ನು ಮುಂದಿನವರಿಗೆ ಒಪ್ಪಿಸುವುದು ಅದರ ಪೂರ್ಣತೆ. ನಮ್ಮ ಮನೆಗಳಲ್ಲಿ ಇನ್ನೂ ಉಳಿದಿರುವ ಹಿರಿಯರ ಬಳಿ ಈ ವಾರವೇ ಕುಳಿತುಕೊಳ್ಳುವ ತೌಫೀಕನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.