ಥೇಮ್ಸ್ ದಡದ ಬಸವೇಶ್ವರ ದರ್ಶನ ಮತ್ತು ನಮ್ಮ ಡ್ರೋನ್

ನಮ್ಮ ತಾಯಿಯವರಿಗೆ ಈಗ 82 ವರ್ಷ. ಬಾಗೇವಾಡಿ, ಕೂಡಲಸಂಗಮ, ಬಸವಕಲ್ಯಾಣಗಳನ್ನು ಅನೇಕ ಸಲ ದರ್ಶಿಸಿ ಬಂದವರು. 2015ರ ನವೆಂಬರ್ 14ರಂದು ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿ ಬಸವೇಶ್ವರರ ಪುತ್ಥಳಿಯನ್ನು ಪ್ರಧಾನಮಂತ್ರಿ ಶ್ರೀ ನರೇಂದ್ರ ಮೋದಿಯವರು ಅನಾವರಣಗೊಳಿಸಿದ ದೃಶ್ಯವನ್ನು ಟಿ.ವಿ.ಯಲ್ಲಿ ಕಂಡ ದಿನದಿಂದ ಅದನ್ನೊಮ್ಮೆ ನೋಡಬೇಕೆಂಬ ಹಂಬಲ ಅವರಿಗೆ. ಆದರೆ ಮೊಣಕಾಲಿನ ನೋವಿನವರಿಗೆ ಹತ್ತು ತಾಸಿಗೂ ಮಿಕ್ಕ ವಿಮಾನ ಪ್ರಯಾಣ ಆಗದ ಮಾತು. ಕಳೆದ ಬೇಸಿಗೆಯಲ್ಲಿ ನಾವು ದಂಪತಿಗಳು ಮಗಳ ಮನೆಗೆಂದು ಲಂಡನ್ನಿಗೆ ಹೊರಟಾಗ ನಮ್ಮ ಅಣ್ಣನ ಮಗನೂ ಜೊತೆಗೂಡಿದನು. ಮದುವೆ, ಜಾತ್ರೆ, ರಥೋತ್ಸವಗಳನ್ನು ಡ್ರೋನಿನಿಂದ ಚಿತ್ರೀಕರಿಸುವುದು ಅವನ ಕಸುಬು. ಅಜ್ಜಿಗೆ ಮುಗಿಲಿನಿಂದಲೇ ಬಸವಣ್ಣನವರನ್ನು ತೋರಿಸುವೆನೆಂದು ಮಾತು ಕೊಟ್ಟು, ತನ್ನ ಹೊಟ್ಟೆಪಾಡಿನ ಆ ಯಂತ್ರವನ್ನೇ ಕಟ್ಟಿಕೊಂಡನು.

ಡ್ರೋನ್ ಒಯ್ಯುವುದು ದೊಡ್ಡ ಮಾತಲ್ಲ, ಅದರ ಬ್ಯಾಟರಿಗಳನ್ನು ಒಯ್ಯುವುದೇ ದೊಡ್ಡದು ಎಂಬುದು ನಮಗೆ ಆಗ ತಿಳಿಯಿತು. ಲಿಥಿಯಂ ಬ್ಯಾಟರಿಯೊಳಗೆ ಒಂದು ಕೋಶ ಕಾದು ಕೆಟ್ಟರೆ ಆ ಬಿಸಿ ಪಕ್ಕದ ಕೋಶವನ್ನು ಕಾಯಿಸುತ್ತದೆ, ಅದು ಮತ್ತೊಂದನ್ನು. ಆ ಬೆಂಕಿ ಸುಲಭವಾಗಿ ಆರುವಂಥದ್ದಲ್ಲ. 2010ರ ಸೆಪ್ಟೆಂಬರ್ 3ರಂದು ಇಂಥ ಬ್ಯಾಟರಿಗಳನ್ನು ಹೊತ್ತು ದುಬೈಯಿಂದ ಹೊರಟ ಸರಕು ವಿಮಾನವೊಂದು ಬೆಂಕಿಗೆ ಸಿಕ್ಕಿ ಬಿದ್ದು, ಅದರಲ್ಲಿದ್ದ ಇಬ್ಬರು ಚಾಲಕರೂ ಅಸುನೀಗಿದರು. ವಿಮಾನದ ಹೊಟ್ಟೆಯಲ್ಲಿ ಹೊಗೆ ಎದ್ದರೆ ಕೈಗೆ ಎಟುಕದು. ನಾವು ಕುಳಿತ ಕಡೆಯಲ್ಲಾದರೆ ಸಿಬ್ಬಂದಿಯವರು ಕೂಡಲೇ ನೀರು ಸುರಿದು ತಣ್ಣಗಾಗಿಸಬಲ್ಲರು. ಆದ್ದರಿಂದಲೇ ಬಿಡಿ ಬ್ಯಾಟರಿಗಳು ಕೈಚೀಲದಲ್ಲಿಯೇ ಇರಬೇಕು, ಸೂಟ್‌ಕೇಸಿನಲ್ಲಿ ಎಂದಿಗೂ ಕೂಡದು.

ಅಳತೆ ವಾಟ್-ಅವರ್ ಲೆಕ್ಕದಲ್ಲಿ. ಬ್ಯಾಟರಿಯ ಮೇಲೆ ಬರೆದ ಮಿಲಿ ಆಂಪಿಯರ್ ಅಂಕಿಯನ್ನು ಸಾವಿರದಿಂದ ಭಾಗಿಸಿ ವೋಲ್ಟಿನಿಂದ ಗುಣಿಸಿದರಾಯಿತು. ನಮ್ಮವು 3500 ಮಿಲಿ ಆಂಪಿಯರ್, 11.55 ವೋಲ್ಟಿನವು, ಅಂದರೆ ಒಂದೊಂದಕ್ಕೆ ಸುಮಾರು 40. ನೂರರವರೆಗೆ ಸಾಮಾನ್ಯವಾಗಿ ಅನುಮತಿ ಬೇಡ. 100ರಿಂದ 160ರವರೆಗಿನವು ವಿಮಾನ ಸಂಸ್ಥೆಯ ಒಪ್ಪಿಗೆಯಿಂದ ಎರಡು ಮಾತ್ರ. ಅದಕ್ಕೂ ಮಿಕ್ಕಿದ್ದು ಪ್ರಯಾಣಿಕರ ಬಳಿ ಇರಲೇಕೂಡದು. ಹುಡುಗನು ಬ್ಯಾಟರಿಗಳ ತುದಿಗಳಿಗೆ ಟೇಪು ಅಂಟಿಸಿ, ಒಂದೊಂದನ್ನು ಬೇರೆ ಬೇರೆ ಚೀಲದಲ್ಲಿಟ್ಟನು. ಹಾರಿಸಿ ಅರ್ಧಕ್ಕಿಂತ ಕಡಿಮೆ ಚಾರ್ಜ್‌ಗೂ ಇಳಿಸಿದನು.

ಇಷ್ಟೆಲ್ಲ ಮಾಡಿಯೂ ತಪ್ಪಿದೆವು. ಬೆಂಗಳೂರಿನಲ್ಲಿ ಸಾಮಾನು ಒಪ್ಪಿಸಿ ನಿಟ್ಟುಸಿರುಬಿಟ್ಟ ಮೇಲೆ ನಮ್ಮ ಹೆಸರು ಹಿಡಿದು ಕರೆದರು. ಮನೆಯವರು ಚಟ್ನಿಪುಡಿ, ಖಡಕ್ ರೊಟ್ಟಿಗಳ ನಡುವೆ, ಒಡೆಯಬಾರದೆಂಬ ಕಾಳಜಿಯಿಂದ, ಸೀರೆಯಲ್ಲಿ ಸುತ್ತಿಟ್ಟ ನಾಲ್ಕನೆಯ ಬ್ಯಾಟರಿ ಸೂಟ್‌ಕೇಸಿನಲ್ಲಿಯೇ ಉಳಿದಿತ್ತು! ಪೆಟ್ಟಿಗೆ ಬಿಚ್ಚಿ, ಅದನ್ನು ಕೈಚೀಲಕ್ಕೆ ಸೇರಿಸಿ ಬರುವಷ್ಟರಲ್ಲಿ ಅರ್ಧ ತಾಸು ಕಳೆಯಿತು. ಮುಂದೆ ಭದ್ರತಾ ತಪಾಸಣೆಯಲ್ಲಿ ನಮ್ಮ ಕೊರಳಿನ ಬೆಳ್ಳಿಯ ಕರಡಿಗೆಗೆ ಯಂತ್ರ ಸದ್ದು ಮಾಡಿತು. ಇದು ಇಷ್ಟಲಿಂಗ, ತೆಗೆದು ತಟ್ಟೆಯಲ್ಲಿಡಲಾರೆವು ಎಂದು ವಿನಯದಿಂದ ಹೇಳಿದಾಗ ಬದಿಗೆ ಕರೆದು ಗೌರವದಿಂದಲೇ ಪರೀಕ್ಷಿಸಿದರು. ಕರಡಿಗೆಗಿಂತ ಬ್ಯಾಟರಿಗಳ ಮೇಲೆಯೇ ಅವರ ಕಣ್ಣು ಹೆಚ್ಚು ಹೊತ್ತು ನಿಂತಿತ್ತು.

ಎಲ್ಲಕ್ಕಿಂತ ಮುಖ್ಯವಾದ ಕೆಲಸವನ್ನು ಮಾತ್ರ ಹುಡುಗನು ಮರೆತಿರಲಿಲ್ಲ. 2022ರ ಫೆಬ್ರವರಿ 9ರಂದು ಕೇಂದ್ರ ಸರ್ಕಾರವು ಹೊರದೇಶದ ಸಿದ್ಧ ಡ್ರೋನುಗಳ ಆಮದನ್ನು ನಿಷೇಧಿಸಿತು. ರಕ್ಷಣೆ, ಭದ್ರತೆ, ಸಂಶೋಧನೆಗಳಿಗಷ್ಟೇ ವಿನಾಯಿತಿ. ನಮ್ಮದೇ ವಸ್ತುವನ್ನು ಮರಳಿ ತಂದರೂ, ಇಲ್ಲಿಂದಲೇ ಒಯ್ದದ್ದೆಂಬ ಪುರಾವೆಯಿಲ್ಲದಿದ್ದರೆ ಅದು ಆಮದಾಗಿಯೇ ತೋರುತ್ತದೆ. ಆದಕಾರಣ ಹೊರಡುವಾಗಲೇ ಕಸ್ಟಮ್ಸ್ ಅಧಿಕಾರಿಗಳಿಗೆ ಡ್ರೋನನ್ನು ತೋರಿಸಿ, ಖರೀದಿ ರಸೀದಿಯನ್ನೂ ಕ್ರಮಸಂಖ್ಯೆಯನ್ನೂ ಕೊಟ್ಟು, ರಫ್ತು ಪ್ರಮಾಣಪತ್ರವನ್ನು ಬರೆಯಿಸಿಕೊಂಡಿದ್ದನು. ಆ ಒಂದು ಹಾಳೆಯನ್ನು ಪಾಸ್‌ಪೋರ್ಟಿನಷ್ಟೇ ಜೋಪಾನವಾಗಿ ಕಾಯ್ದೆವು. ಅದು ಕಳೆದರೆ ಕಾರ್ತಿಕದ ನಂತರದ ಮದುವೆಗಳಿಗೆ ಹಿಡಿದ ಮುಂಗಡಗಳನ್ನೆಲ್ಲ ಹಿಂದಿರುಗಿಸಬೇಕಾಗುತ್ತಿತ್ತು.

ಬ್ರಿಟನ್ನಿನಲ್ಲಿ ಅಂಥ ಡ್ರೋನ್ ಹಾರಿಸಲು 40 ಪ್ರಶ್ನೆಗಳ ಪರೀಕ್ಷೆ ಬರೆದು ಒಂದು ಗುರುತು ಸಂಖ್ಯೆ, ಯಂತ್ರದ ಹೊಣೆಗೆ ಇನ್ನೊಂದು ಸಂಖ್ಯೆ ಪಡೆಯಬೇಕು. ಹುಡುಗನು ಎರಡನ್ನೂ ಪಡೆದಿದ್ದನು. ಅವು ದೊರೆತರೆ ಎಲ್ಲೆಡೆ ಹಾರಿಸಬಹುದೆಂದು ನಾವೆಲ್ಲ ಭಾವಿಸಿದ್ದೇ ಪ್ರಮಾದ.

ಲ್ಯಾಂಬೆತ್ ಭಾಗದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಉದ್ಯಾನಕ್ಕೆ ನಾವು ತಲುಪಿದಾಗ ಎಳೆಬಿಸಿಲು. ಹಸಿರಿನ ನಡುವೆ, ಎತ್ತರದ ಪೀಠದ ಮೇಲೆ ಅಣ್ಣನವರ ಮುಖ ಕಂಡೊಡನೆ ನಮಗರಿಯದೆಯೇ ಕೈಗಳು ಜೋಡಿದವು. ದೂರದಲ್ಲಿ ಪಾರ್ಲಿಮೆಂಟ್ ಭವನ. ಅನುಭವ ಮಂಟಪವನ್ನು ನೆನೆಯದೆ ಅಲ್ಲಿ ನಿಲ್ಲುವುದು ಯಾವ ಶರಣ ಕುಟುಂಬಕ್ಕೂ ಆಗದು. ಹುಡುಗನು ಫೋನಿನಲ್ಲಿ ನಕ್ಷೆ ತೆರೆದವನು ಮಾತಾಡದೆ ಕುಳಿತನು. ಲಂಡನ್ನಿನ ನಡುಭಾಗದ ಆಕಾಶಕ್ಕೆ ನಿರ್ಬಂಧ. ಹೊಳೆಯ ಗುಂಟ ಹೆಲಿಕಾಪ್ಟರುಗಳ ದಾರಿ. ಸಂಬಂಧವಿಲ್ಲದ ಜನರಿಂದ 50 ಮೀಟರ್ ದೂರವಿರಬೇಕೆಂಬ ನಿಯಮ ಬೇರೆ. ಸುತ್ತಲೂ ಜನ ಓಡಾಡುತ್ತಿದ್ದರು. ಒಂದೇ ನಿಮಿಷ ಏರಿಸಿ ಇಳಿಸಿದರೆ ಯಾರು ನೋಡುತ್ತಾರೆ ಎಂದು ನಾವೇ ಅಂದೆವು. ಹೇಳಿದ್ದಕ್ಕೆ ಈಗಲೂ ನಾಚಿಕೆಯಿದೆ. “ಬ್ಯಾಡ ಕಾಕಾ, ಬಸವಣ್ಣನ ಮುಂದ ನಿಂತು ಕದ್ದು ಹಾರಿಸೂದು ಬ್ಯಾಡ” ಎಂದು ಅವನು ಪೆಟ್ಟಿಗೆಯನ್ನು ತೆರೆಯಲೇ ಇಲ್ಲ. ಕೈಯ ಫೋನಿನಿಂದಲೇ ಬೆಳಗಿನಲ್ಲೊಮ್ಮೆ, ಸಂಜೆ ಮತ್ತೆ ಬಂದು ಇನ್ನೊಮ್ಮೆ, ಪುತ್ಥಳಿಯನ್ನೂ ನದಿಯನ್ನೂ ಚಿತ್ರೀಕರಿಸಿದನು.

ಮರಳುವಾಗ ಬೆಂಗಳೂರಿನ ಕಸ್ಟಮ್ಸ್‌ನಲ್ಲಿ ಡ್ರೋನ್ ಇದೆಯೆಂದು ನಾವಾಗಿಯೇ ತಿಳಿಸಿದೆವು. ಅಧಿಕಾರಿಗಳು ಪ್ರಮಾಣಪತ್ರದ ಕ್ರಮಸಂಖ್ಯೆಯನ್ನು ಯಂತ್ರದ ಮೇಲಿನದರೊಡನೆ ಎರಡು ಸಲ ತಾಳೆ ನೋಡಿ ಹೋಗಗೊಟ್ಟರು. ಹುಡುಗನ ಮುಖದಲ್ಲಿ ಅಂದು ಕಂಡ ಗೆಲುವು ಲಂಡನ್ನಿನಲ್ಲಿಯೂ ಕಂಡಿರಲಿಲ್ಲ.

ಊರಿಗೆ ಬಂದು ತಾಯಿಯವರಿಗೆ ಚಿತ್ರಗಳನ್ನು ತೋರಿಸಿದೆವು. ಅವರು ಪುತ್ಥಳಿಗೆ ಕೈಮುಗಿದು, ಬಹಳ ಹೊತ್ತು ಹಿಂದಿನ ನೀರನ್ನೇ ನೋಡುತ್ತ ಕುಳಿತರು. ಎರಡೂ ಚಿತ್ರಗಳನ್ನು ಮತ್ತೆ ಹಾಕಿಸಿದರು.

“ತಮ್ಮಾ, ಮುಂಜಾನೆ ಆ ಕಡೆ ಹೊಂಟಿದ್ದ ನೀರು ಸಂಜಿಗೆ ಈ ಕಡೆ ಹೊಂಟೈತಲ್ಲ?”

ಕಡಲಿನ ಉಬ್ಬರ ಲಂಡನ್ನನ್ನು ದಾಟಿ ಟೆಡ್ಡಿಂಗ್ಟನ್ನಿನವರೆಗೂ ಏರಿ ಬರುತ್ತದೆ. ಆಗ ನೀರು ಹಿಂದಕ್ಕೆ ಸಾಗುತ್ತದೆ. ದಿನವಿಡೀ ದಡದಲ್ಲಿದ್ದ ನಮ್ಮ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ.