ಕಡಲಿನ ಜಮಾಖರ್ಚು

ಚೆನ್ನೈಯಲ್ಲಿ ಸಮುದ್ರಕ್ಕೆ ಬರವಿಲ್ಲ, ಬರವೇನಿದ್ದರೂ ಸಿಹಿನೀರಿಗೆ. ಹೀಗಿರುವಾಗ ಎರಡು ಕೋಣೆಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನೂರು ಲೀಟರು ಉಪ್ಪುನೀರು ತುಂಬಿಟ್ಟುಕೊಂಡವರನ್ನು ನೆರೆಹೊರೆಯವರು ವಿಚಿತ್ರವಾಗಿ ನೋಡಿದರೆ ಅದರಲ್ಲಿ ಅವರ ತಪ್ಪೇನೂ ಇಲ್ಲ. ಮನೆಗೆ ಬಂದ ನೆಂಟರು ಕೇಳುವ ಮೊದಲ ಪ್ರಶ್ನೆ, "ಇದಕ್ಕೆ ದಿನವೂ ಬೀಚಿನಿಂದ ನೀರು ಹೊತ್ತು ತರುತ್ತೀರಾ?" ಎಂದು. ಇಲ್ಲ. ಆರ್.ಓ. ನೀರಿಗೆ ಅಂಗಡಿಯ ಸಮುದ್ರಲವಣವನ್ನು, ಲೀಟರಿಗೆ 35 ಗ್ರಾಂ ಉಪ್ಪಿನಂಶ ಬರುವಂತೆ ಕಲಸಿದರೆ ಕಡಲು ಸಿದ್ಧ. ಸಿದ್ಧಪಡಿಸುವುದೇನೋ ಸುಲಭ; ಅದನ್ನು ಕಡಲಾಗಿಯೇ ಉಳಿಸಿಕೊಳ್ಳುವುದು ಕಷ್ಟ.

ನಾವೆಂದರೆ ಗಂಡ, ಹೆಂಡತಿ, ಹತ್ತನೇ ತರಗತಿಯ ಮಗಳು ಮತ್ತು ಎಪ್ಪತ್ತೆಂಟರ ಆಯಿ. ಊರು ಹೊನ್ನಾವರದ ಹತ್ತಿರ. ನಮ್ಮಲ್ಲೊಬ್ಬರು ಬಿ.ಎಸ್ಸಿ. ಪದವೀಧರರು. ಪದವಿಯ ಬಲದಿಂದ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿ, ಇಪ್ಪತ್ತು ವರ್ಷಗಳಿಂದ ಕಡತಗಳಿಗೆ ಟಿಪ್ಪಣಿ ಬರೆಯುತ್ತಿದ್ದಾರೆ. ಕಾಲೇಜಿನ ಪ್ರಯೋಗಶಾಲೆಯ ಬ್ಯೂರೆಟ್ಟು, ಪಿಪೆಟ್ಟುಗಳು ಈ ಜನ್ಮದಲ್ಲಿ ಇನ್ನು ಉಪಯೋಗಕ್ಕೆ ಬಾರವೆಂದು ನಾವೆಲ್ಲ ನಂಬಿದ್ದೆವು. ಬಂದವು!

ತೊಟ್ಟಿಯಲ್ಲಿರುವ ಸಂಸಾರ ದೊಡ್ಡದಲ್ಲ. ಹ್ಯಾಚರಿಯಲ್ಲಿ ಹುಟ್ಟಿದ ಕ್ಲೌನ್ ಮೀನು ಎರಡು, ಬಸವನಹುಳು ಆರು, ಬಿಲ್ಲಿನ ಸಮೇತ ಕೊಂಡು ತಂದ ಅಣಬೆಯಂತಹ ಮೆತ್ತನೆಯ ಹವಳ ನಾಲ್ಕು. ಗಟ್ಟಿ ಹವಳ ನಮ್ಮಲ್ಲಿಲ್ಲ. ನಮ್ಮ ದೇಶದ ಕಡಲಿನ ಗಟ್ಟಿ ಹವಳಗಳಿಗೆ 2001ರಿಂದ ವನ್ಯಜೀವಿ ಕಾಯಿದೆಯ ಮೊದಲನೇ ಷೆಡ್ಯೂಲಿನ ರಕ್ಷಣೆಯಿದೆ. ಸರ್ಕಾರದ ಅನ್ನ ತಿನ್ನುವವರು ಅದನ್ನು ಮರೆಯುವಂತಿಲ್ಲ. ಇವಿಷ್ಟಲ್ಲದೆ ಕರೆಯದೆ ಬಂದ ಅತಿಥಿಯೊಂದಿದೆ: ಕಲ್ಲಿನ ಮೇಲೂ ಗಾಜಿನ ಮೇಲೂ ನಸುಗೆಂಪಾಗಿ ಹಬ್ಬಿರುವ ಗಟ್ಟಿಯಾದ ಪಾಚಿ. ಸುಣ್ಣ ಕಟ್ಟಿಕೊಂಡು ಬೆಳೆಯುವುದು ಅದರ ಜಾತಿಧರ್ಮ. ಬಸವನಹುಳುವಿನ ಚಿಪ್ಪೂ ಸುಣ್ಣವೇ. ಕಡಲಿನ ಹವಳದ ದಿಬ್ಬಗಳು ಬೆಳೆಯುವುದೂ ಹೀಗೆಯೇ.

ಸುಣ್ಣ ಕಟ್ಟಬೇಕಾದರೆ ನೀರಿನಿಂದ ಎರಡು ಸಾಮಗ್ರಿ ಬೇಕು. ಒಂದು ಕ್ಯಾಲ್ಸಿಯಂ. ಇನ್ನೊಂದು ಬೈಕಾರ್ಬೊನೇಟ್, ಅದರ ದಾಸ್ತಾನನ್ನು ಅಳೆಯುವುದು ಕ್ಷಾರೀಯತೆಯ ಲೆಕ್ಕದಲ್ಲಿ. ಅಂಗಡಿಯವರು ಆಲ್ಕಲಿನಿಟಿ ಎನ್ನುತ್ತಾರೆ. ಆಮ್ಲ ಬಿದ್ದರೂ ತಾಳಿಕೊಳ್ಳುವ ನೀರಿನ ಶಕ್ತಿ ಎಂದರೆ ಸಾಕು. ಸಹಜ ಸಮುದ್ರದಲ್ಲಿ ಕ್ಯಾಲ್ಸಿಯಂ ಲೀಟರಿಗೆ ಸುಮಾರು 410ರಿಂದ 420 ಮಿಲಿಗ್ರಾಂ. ಕ್ಷಾರೀಯತೆ ಜರ್ಮನ್ ಅಳತೆಯಲ್ಲಿ ಸುಮಾರು 7 ಡಿಗ್ರಿ.

ಇಲ್ಲಿಯೇ ಗುಮಾಸ್ತಿಕೆಯ ಅನುಭವ ನೆರವಿಗೆ ಬರುವುದು. ಸುಣ್ಣ ಕಟ್ಟುವುದೆಂದರೆ ಒಂದೇ ವೋಚರಿನಲ್ಲಿ ಎರಡು ಖಾತೆಗಳಿಗೆ ಖರ್ಚು ಬೀಳುವ ವ್ಯವಹಾರ. ಕ್ಷಾರೀಯತೆ ಒಂದು ಡಿಗ್ರಿ ಇಳಿದಾಗ ಕ್ಯಾಲ್ಸಿಯಂ ಇಳಿಯುವುದು ಲೀಟರಿಗೆ ಸುಮಾರು 7 ಮಿಲಿಗ್ರಾಂ ಮಾತ್ರ. ಒಂದು ಖಾತೆಯಲ್ಲಿ ನಾನೂರಿಪ್ಪತ್ತು ಇದೆ, ಇನ್ನೊಂದರಲ್ಲಿ ಎಂಟು. ನಮ್ಮ ತೊಟ್ಟಿಗೆ ಏನನ್ನೂ ಸೇರಿಸದೆ ಹತ್ತು ದಿನ ಬಿಟ್ಟು ಅಳೆದಾಗ ಕ್ಷಾರೀಯತೆ ಎಂಟರಿಂದ ಆರಕ್ಕೆ ಬಂದಿತ್ತು. ಅಂದರೆ ಬಂಡವಾಳದ ಕಾಲು ಭಾಗ ಖಾಲಿ. ಕ್ಯಾಲ್ಸಿಯಂ ಇಳಿದದ್ದು ಲೆಕ್ಕದ ಪ್ರಕಾರ 14. ನಮ್ಮ ಕಿಟ್ಟಿನ ಹನಿಗಳಿಗೆ ಅದು ಸರಿಯಾಗಿ ಕಾಣಿಸಲೂ ಇಲ್ಲ. "ಒಂದು ಇಳಿಯುತ್ತಿದೆ, ಇನ್ನೊಂದು ನಿಂತಲ್ಲೇ ನಿಂತಿದೆ, ಇದೇನು ಮಾಯೆ?" ಎಂದು ಮಗಳು ಕೇಳಿದಳು. ಮಾಯೆಯೇನಲ್ಲ. ನೂರು ರೂಪಾಯಿಯ ಖರ್ಚು ಸಾಹುಕಾರನಿಗೆ ಗೊತ್ತಾಗುವುದಿಲ್ಲ, ತಿಂಗಳ ಕೊನೆಯ ನೌಕರನಿಗೆ ಗೊತ್ತಾಗುತ್ತದೆ. ಆದ್ದರಿಂದ ನಾವು ಕ್ಷಾರೀಯತೆಯನ್ನು ವಾರಕ್ಕೆರಡು ಸಲ ಅಳೆಯುತ್ತೇವೆ, ಕ್ಯಾಲ್ಸಿಯಮ್ಮನ್ನು ತಿಂಗಳಿಗೊಮ್ಮೆ. ಐದು ಮಿಲಿಲೀಟರು ನೀರಿಗೆ ಹನಿ ಹನಿಯಾಗಿ ದ್ರಾವಣ ಬಿಟ್ಟು, ನೀಲಿ ಹಳದಿಗೆ ತಿರುಗುವ ಹನಿಯನ್ನು ಎಣಿಸಿ, ನೋಟ್ ಪುಸ್ತಕದಲ್ಲಿ ಬರೆಯುವುದು ಮಗಳ ಕೆಲಸ. ಮೇಲುಸಹಿ ಬಿ.ಎಸ್ಸಿ.ಯವರದು.

ಅಂಕಿ ಕಡಿಮೆಯಾಯಿತೆಂದು ಒಮ್ಮೆಲೇ ಸುರಿಯುವಂತಿಲ್ಲ. ಕ್ಯಾಲ್ಸಿಯಂ ಕ್ಲೋರೈಡನ್ನೂ ಸೋಡಾವನ್ನೂ ಒಟ್ಟಿಗೆ ಹಾಕಿದರೆ ಎರಡೂ ಅಲ್ಲೇ ಕೂಡಿಕೊಂಡು ಬಿಳಿಯ ಪುಡಿಯಾಗಿ ತಳಕ್ಕೆ ಇಳಿಯುತ್ತವೆ. ಹಣವೂ ಹೋಯಿತು, ಸಾಮಗ್ರಿಯೂ ಹೋಯಿತು. ಸಮುದ್ರದ ನೀರಿನಲ್ಲಿ ಲೀಟರಿಗೆ 1300 ಮಿಲಿಗ್ರಾಮಿನಷ್ಟಿರುವ ಮೆಗ್ನೀಷಿಯಂ ಈ ಜಗಳ ಬಿಡಿಸುವ ಹಿರಿಯನಂತೆ ನಡುವೆ ನಿಲ್ಲುತ್ತದೆ, ನಿಜ. ಆದರೆ ಹಿರಿಯರ ತಾಳ್ಮೆಗೂ ಮಿತಿಯುಂಟು. ಎಂಟೇ ಇರಬೇಕು, ಒಂಬತ್ತೇ ಇರಬೇಕು ಎಂಬ ಹಟವೂ ಬೇಡ. ಏಳರಲ್ಲಿ ಸ್ಥಿರವಾಗಿರುವ ನೀರು, ಇಂದು ಏಳು ನಾಳೆ ಹನ್ನೊಂದು ಎಂದು ಕುಣಿಯುವ ನೀರಿಗಿಂತ ಎಷ್ಟೋ ಮೇಲು. ದಿನದ ಖರ್ಚೆಷ್ಟು ಎಂದು ತಿಳಿದುಕೊಂಡು ಅಷ್ಟನ್ನು ದಿನವೂ ಜಮಾ ಮಾಡುವುದು, ಇದಿಷ್ಟೇ ಗುಟ್ಟು.

ನಮ್ಮ ದಿನದ ಜಮಾ ಸುಣ್ಣದ ತಿಳಿನೀರು. ಜರ್ಮನರು ಕಾಲ್ಕ್‌ವಾಸರ್ ಎಂದು ಕರೆಯುವುದೂ ಇದನ್ನೇ. ಶುದ್ಧವಾದ ಸುಣ್ಣದ ಪುಡಿ ಆರ್.ಓ. ನೀರಿನಲ್ಲಿ ಕರಗುವುದು ಲೀಟರಿಗೆ ಸುಮಾರು ಒಂದೂವರೆ ಗ್ರಾಂ. ಮಿಕ್ಕದ್ದು ತಳದಲ್ಲಿ ಕೂರುತ್ತದೆ. ಕಲಕದೆ ಮೇಲಿನ ತಿಳಿಯನ್ನಷ್ಟೇ ತೆಗೆದು, ರಾತ್ರಿ ಹೊತ್ತು ಇನ್ನೂರು ಮಿಲಿಲೀಟರಿನಷ್ಟನ್ನು ತೊಟ್ಟಿಗೆ ತೊಟ್ಟು ತೊಟ್ಟಾಗಿ ಬಿಡುತ್ತೇವೆ. ಸುಣ್ಣ ಕಟ್ಟುವಾಗ ಎರಡೂ ಖಾತೆಯಿಂದ ಯಾವ ಪ್ರಮಾಣದಲ್ಲಿ ಹೋಯಿತೋ ಅದೇ ಪ್ರಮಾಣದಲ್ಲಿ ಇದು ಎರಡಕ್ಕೂ ತುಂಬಿಕೊಡುತ್ತದೆ. ಇದನ್ನು ನೋಡಿ ಆಯಿ ನಕ್ಕರು. ಊರಿನಲ್ಲಿ ಕವಳದ ಸುಣ್ಣವೆಂದರೆ ಕಡಲ ಚಿಪ್ಪು ಸುಟ್ಟು ಮಾಡಿದ್ದು; ಅದನ್ನು ನೆನೆಹಾಕಿ ತಿಳಿ ಬಸಿಯುವುದು ಅವರಿಗೆ ಎಳವೆಯಿಂದ ಗೊತ್ತು. "ಸುಣ್ಣದ ತಿಳಿ ತೆಗೆಯೋದಕ್ಕೂ ಬಿ.ಎಸ್ಸಿ. ಓದಬೇಕಾಯ್ತೇನೋ ನಿಂಗೆ?" ಎಂದರು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ನಗುವ ಮಾತು ಹಾಗಿರಲಿ. ಇದೇ ಸುಣ್ಣಕ್ಕಾಗಿ ನಮ್ಮ ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಜೀವಂತ ಹವಳದ ದಿಬ್ಬಗಳನ್ನು ದಶಕಗಳ ಕಾಲ ಕಿತ್ತು ಸುಟ್ಟರು. 1986ರಲ್ಲಿ ಅಲ್ಲಿನ 21 ದ್ವೀಪಗಳನ್ನು ಸಾಗರ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಆದರೂ ಅವುಗಳಲ್ಲಿ ಎರಡು ನೀರಿನಡಿ ಸೇರಿಹೋಗಿವೆ. ಅಂಗೈಯಗಲ ಪಾಚಿ ಬೆಳೆಯಲು ನಮ್ಮ ಮನೆಯಲ್ಲಿ ತಿಂಗಳುಗಳೇ ಹಿಡಿದವು. ದಿಬ್ಬವೆದ್ದು ನಿಲ್ಲಲು ಎಷ್ಟು ಕಾಲ ಬೇಕಾದೀತು ಎಂಬುದನ್ನು ನೋಟ್ ಪುಸ್ತಕ ಬರೆಯುವ ಮಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಷ್ಟಾದರೂ ಒಂದು ತೊಡಕು ಉಳಿದಿತ್ತು. ತೊಟ್ಟಿ ಬಂದಮೇಲೆ ಮೂರು ವರ್ಷ ನಾವು ಚೌತಿಗೆ ಊರಿಗೆ ಹೋದದ್ದು ಕಂತಿನಲ್ಲಿ. ಇಬ್ಬರು ಹೋದರೆ ಇಬ್ಬರು ನೀರು ಕಾಯಲು ಇಲ್ಲೇ. ಕಳೆದ ವರ್ಷ ಆಯಿ ಊಟದ ನಡುವೆ, "ಮುಂದಿನ ಚೌತಿ ಕಂಡವರಾರು? ಈ ಸಲ ನಾಲ್ಕೂ ಜನ ಹೋಗೋಣ" ಎಂದರು. ಅವರು ಹಾಗೆ ಕೇಳಿದ್ದು ಅದೇ ಮೊದಲು.

ಎದುರುಮನೆಯ ಮಾಮಿ ತಾವಾಗಿಯೇ ಮುಂದೆ ಬಂದರು. ಆದರೆ ಸುಣ್ಣದ ತಿಳಿಯನ್ನು ಅವರ ಕೈಗೆ ಕೊಡುವುದು ಸಾಧುವೇ? ಅದರ ಪಿ.ಎಚ್. ಹನ್ನೆರಡಕ್ಕೂ ಮೇಲೆ. ಎರಡು ದಿನದ್ದು ಒಮ್ಮೆಗೇ ಬಿದ್ದರೆ ಮೀನಿಗೆ ಕೇಡು, ಕೈಗೆ ಬಿದ್ದರೆ ಮಾಮಿಗೆ ಕೇಡು. ಆಗ ನೋಟ್ ಪುಸ್ತಕ ತೆರೆದೆವು. ದಿನಕ್ಕೆ ಇಳಿಯುವುದು ಡಿಗ್ರಿಯ ಐದನೆಯ ಒಂದು ಪಾಲು. ಹತ್ತು ದಿನಕ್ಕೆ ಎರಡು ಡಿಗ್ರಿ. ಎಂಟೂವರೆಗೆ ನಿಧಾನವಾಗಿ ಏರಿಸಿಟ್ಟು ಹೋದರೆ ಬರುವ ಹೊತ್ತಿಗೆ ಆರೂವರೆ. ಅದರಿಂದ ಯಾವ ಪ್ರಾಣಿಯೂ ಸಾಯುವುದಿಲ್ಲ. ಅಪಾಯವಿದ್ದದ್ದು ಬೇರೆ ಕಡೆ: ದಿನಕ್ಕೆ ಒಂದೂವರೆ ಲೀಟರು ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಮಾತ್ರ ಅಲ್ಲೇ ಉಳಿದು ಗಟ್ಟಿಯಾಗುತ್ತ ಹೋಗುತ್ತದೆ. ಆದ್ದರಿಂದ ಹತ್ತು ಬಾಟಲಿ ಆರ್.ಓ. ನೀರು, ಹತ್ತು ಪೊಟ್ಟಣ ಮೀನಿನ ಆಹಾರ. ಒಂದೊಂದರ ಮೇಲೂ ಮಗಳು ತಮಿಳಿನಲ್ಲಿ ತಾರೀಖು ಬರೆದು ಅಂಟಿಸಿದಳು. ಸುಣ್ಣಕ್ಕೆ ಹತ್ತು ದಿನ ರಜೆ.

ಮಂಗಳೂರು ಮೇಲಿನಲ್ಲಿ ಹೊರಟು, ಮಂಗಳೂರಿನಿಂದ ಕೊಂಕಣ ರೈಲು ಹಿಡಿದು, ನಾಲ್ಕೂ ಜನ ಊರು ಸೇರಿದೆವು. ಆಯಿ ತಮ್ಮ ಕೈಯಾರೆ ಫಲಾವಳಿ ಕಟ್ಟಿದರು. ಹಿಂದಿರುಗಿ ಅಳೆದಾಗ ಕ್ಷಾರೀಯತೆ 6.8 ಡಿಗ್ರಿ, ಎಣಿಸಿದ್ದಕ್ಕಿಂತ ಚೂರು ಹೆಚ್ಚೇ. ನೀರಿನಲ್ಲಿ ಸಾಮಗ್ರಿ ಕಡಿಮೆಯಾದಂತೆ ಪಾಚಿಯೂ ಕೈ ಬಿಗಿಹಿಡಿದು ಬದುಕುತ್ತದೆ. ದಿನಕ್ಕೆ ಒಂದೂವರೆ ಗ್ರಾಂ ಅಡಿಗೆ ಸೋಡಾ ಕೂಡಿಸಿ ಅರ್ಧ ಡಿಗ್ರಿಯಂತೆ ಏರಿಸಿದೆವು. ಮೂರು ದಿನದಲ್ಲಿ ಎಂಟು ದಾಟಿತು. ಊರಿನ ಮಾವಿನ ಮಿಡಿ ಉಪ್ಪಿನಕಾಯಿ ಮಾಮಿಗೆ ಸಂದಾಯವಾಯಿತು.

ನಮ್ಮ ಸಂಘದ ಮಿತ್ರರಲ್ಲಿ ಯಾರಿಗಾದರೂ ಮನೆಯಲ್ಲಿ ಇಂಥ ಕಡಲನ್ನಿಡುವ ಆಸೆಯಿದ್ದರೆ ಧಾರಾಳವಾಗಿ ಇಡಲಿ. ಮೊದಲು ಒಂದು ನೋಟ್ ಪುಸ್ತಕ ಕೊಳ್ಳಲಿ, ಆಮೇಲೆ ಹನಿ ಎಣಿಸುವ ಕಿಟ್ಟು, ಆಮೇಲೆ ಒಳ್ಳೆಯ ನೆರೆಹೊರೆ. ಮೀನು ಕೊನೆಗೆ.